ನಿಂತೇ ಮಾರಬೇಕಾದ ಸೀರೆ

ಕೆಲಸಕ್ಕೆ ಸೇರಿದ ಮೊದಲ ದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ, ನಾನು ಮ್ಯಾನೇಜರನ್ನು ಕೇಳಿದೆ.

"ಸರ್, ನಾವು ಕೂತ್ಕೊಳ್ಳೋದೆಲ್ಲಿ?"

ಅವನು ನನ್ನ ದೊಡ್ಡ ಮಗನಿಗಿಂತ ನಾಲ್ಕೈದು ವರ್ಷ ಹಿರಿಯನಿರಬಹುದು. ನಾನೇನೋ ತಮಾಷೆ ಮಾಡಿದೆನೆಂದು ನಕ್ಕುಬಿಟ್ಟ. "ಇಲ್ಲಿ ಕೂತ್ಕೊಳ್ಳೋದು ಕಸ್ಟಮರ್ಸು ಮೇಡಂ. ನಾವು ನಿಂತ್ಕೊಳ್ಳೋದು," ಎಂದ. ಹಾಗೆಂದವನು ಹೋಗಿ ಗಾಜಿನ ಕೋಣೆಯಲ್ಲಿ ತನ್ನ ತಿರುಗುವ ಕುರ್ಚಿಯ ಮೇಲೆ ಕುಳಿತ.

ಅದಕ್ಕೂ ಮೊದಲು ಹದಿನೈದು ವರ್ಷ ನಾನು ಭದ್ರಾವತಿಯ ಜನ್ನಾಪುರದ ಮನೆಯಲ್ಲೇ ಬ್ಲೌಸು ಹೊಲಿದು, ಸೀರೆಗಳಿಗೆ ಫಾಲ್ಸು ಹಾಕಿಕೊಂಡಿದ್ದವಳು. ನಮ್ಮವರಿಗೆ ಕಾರ್ಖಾನೆಯಲ್ಲಿದ್ದ ಗುತ್ತಿಗೆ ಕೆಲಸ ಇವತ್ತಿದ್ದರೆ ನಾಳೆ ಇಲ್ಲ ಎನ್ನುವ ಸ್ಥಿತಿಗೆ ಬಂದಾಗ, ಶಿವಮೊಗ್ಗದ ಪೇಟೆಯಲ್ಲಿ ಹೊಸದಾಗಿ ತೆರೆದ ಮೂರು ಅಂತಸ್ತಿನ ಸೀರೆ ಅಂಗಡಿಗೆ ಹೋಗಿ ಸೇರಿಕೊಂಡೆ. ಸೀರೆ ಎಂದರೆ ನನಗೆ ಗೊತ್ತಿತ್ತು. ಯಾವ ಬಣ್ಣಕ್ಕೆ ಯಾವ ಅಂಚು ಒಪ್ಪುತ್ತದೆ, ಯಾವ ಜರಿ ಎರಡು ಸಲ ಉಟ್ಟರೆ ಕಪ್ಪಾಗುತ್ತದೆ ಎಂದು ಮುಟ್ಟಿ ಹೇಳಬಲ್ಲೆ. ಗೊತ್ತಿಲ್ಲದ್ದು ಬೆಳಗ್ಗೆ ಹತ್ತರಿಂದ ಸಂಜೆ ಏಳೂವರೆಯವರೆಗೆ ನಿಲ್ಲುವುದು. ಊಟಕ್ಕೆ ಇಪ್ಪತ್ತು ನಿಮಿಷ. ಅದೂ ಸರದಿಯ ಮೇಲೆ.

ಅಂಗಡಿಯಿರುವ ಆ ಬೀದಿಯನ್ನು ಈಗ ಹೊಗಳದವರಿಲ್ಲ. ಹೊಗಳಲಿ, ಬೇಡ ಎನ್ನುವುದಿಲ್ಲ. ಒಂದು ಕಾಲಕ್ಕೆ ಚರಂಡಿ ದಾಟಲು ಸೀರೆ ಎತ್ತಿ ಹಿಡಿಯಬೇಕಿತ್ತು. ಈಗ ಕಲ್ಲು ಹಾಸಿದ ಫುಟ್‌ಪಾತು, ಎರಡೂ ಕಡೆ ಅಲಂಕಾರದ ದೀಪದ ಕಂಬ. ಬಾಗಿಲು ಮುಚ್ಚಿ ಎಷ್ಟೋ ವರ್ಷವಾಗಿದ್ದ ಮಳಿಗೆಗಳಲ್ಲಿ ಕೇಕಿನಂಗಡಿ, ಮೊಮೊ, ಬಿರಿಯಾನಿ, ಬೆಣ್ಣೆದೋಸೆ. ನಮ್ಮ ಎದುರಿಗೇ ಒಂದು ಕಾಫಿ ಅಂಗಡಿ, ಗೋಡೆ ಪೂರ್ತಿ ಗಾಜು. ಅಲ್ಲಿ ಕಾಲೇಜಿನ ಮಕ್ಕಳು ಒಂದು ಲೋಟ ಕಾಫಿ ಇಟ್ಟುಕೊಂಡು ಎರಡು ಗಂಟೆ ಕೂರುತ್ತಾರೆ. ನಾವು ಮೊದಲ ಮಹಡಿಯ ಕಿಟಕಿಯ ಬಳಿ ನಿಂತು ಅವರು ಕೂತಿರುವುದನ್ನು ನೋಡುತ್ತಿದ್ದೆವು. ಅವರ ಬಟ್ಟೆಯನ್ನಲ್ಲ, ತಿಂಡಿಯನ್ನೂ ಅಲ್ಲ, ಅವರು ಬೆನ್ನು ಆನಿಸಿದ್ದ ಕುರ್ಚಿಯನ್ನು.

ಫುಟ್‌ಪಾತಿನ ಮೇಲೆ ಸಾರ್ವಜನಿಕರಿಗೆಂದು ಕಲ್ಲುಬೆಂಚು ಹಾಕಿದ್ದರು. ಎರಡನೆಯ ವಾರ ಊಟದ ಹೊತ್ತಿನಲ್ಲಿ ನಾನು ಡಬ್ಬಿ ಹಿಡಿದುಕೊಂಡು ಹೋಗಿ ಅಲ್ಲಿ ಕುಳಿತೆ. ಮೊಸರನ್ನ ನಾಲ್ಕು ತುತ್ತು ಇಳಿದಿರಲಿಲ್ಲ, ವಾಚ್‌ಮನ್ ಓಡಿ ಬಂದ. ಅವನ ಮುಖದಲ್ಲೇ ಸಂಕೋಚವಿತ್ತು.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಯೂನಿಫಾರಂ ಸೀರೇಲಿ ರೋಡಲ್ಲಿ ಕೂತು ಉಣ್ಣಬಾರ್ದಂತೆ. ಅಂಗಡಿ ಮರ್ಯಾದೆ ಹೋಗುತ್ತಂತೆ."

"ರೋಡು ಅವರಪ್ಪಂದೇನಪ್ಪ?"

"ನಂಗೇನ್ ಗೊತ್ತಮ್ಮಾ. ಹೇಳು ಅಂದ್ರು, ಹೇಳ್ದೆ."

ಊರಿನವರೆಲ್ಲ ಕೂರಬಹುದಾದ ಬೆಂಚು, ಬೀದಿನಾಯಿ ಸಹಿತ ಮಲಗುವ ಬೆಂಚು. ನಾನು ಕೂತರೆ ಮರ್ಯಾದೆ ಹೋಗುತ್ತದಂತೆ. ಅವತ್ತು ಉಳಿದ ಅನ್ನವನ್ನು ಮೆಟ್ಟಿಲ ಕೆಳಗಿನ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತುಕೊಂಡೇ ಉಂಡೆ.

ಮಹಡಿಯ ಮೂಲೆಗಳಲ್ಲಿ ನಾಲ್ಕು ಕ್ಯಾಮೆರಾ. ಗಲ್ಲಾದ ಪಕ್ಕ ಒಂದು ಫೋನು. ಯಾರಾದರೂ ಗೋಡೆಗೆ ಒರಗಿದರೆ ಸಾಕು, ಅದು ಹೊಡೆದುಕೊಳ್ಳುತ್ತಿತ್ತು. ಎತ್ತಿದರೆ ಮ್ಯಾನೇಜರನ ಧ್ವನಿ: "ಮೂರನೇ ಕೌಂಟರ್, ನೇರ ನಿಂತ್ಕೊಳ್ಳಿ." ನಮ್ಮ ಮಹಡಿಯಲ್ಲಿ ಆರು ಜನ ಹೆಂಗಸರಿದ್ದೆವು. ಮನೆಗೆ ಹೋದ ಮೇಲೆ ಎಲ್ಲರದ್ದೂ ಒಂದೇ ಕಥೆ, ಬಕೆಟ್ಟಿನ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಡುವುದು. ಹಳೇ ಭದ್ರಾವತಿಯಿಂದ ನನ್ನ ಬಸ್ಸಿಗೇ ಬರುತ್ತಿದ್ದ ಒಬ್ಬಳಿದ್ದಳು, ಮನೆಮಾತು ತಮಿಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಮೀನಖಂಡದ ಮೇಲೆ ನೀಲಿ ನರಗಳು ಹಗ್ಗದ ಹಾಗೆ ಎದ್ದಿದ್ದವು. ಡಾಕ್ಟರ ಚೀಟಿ ತಂದು ಕೊಟ್ಟಳು. ಮ್ಯಾನೇಜರ್ ಓದಿ ಮಡಚಿ ವಾಪಸ್ಸು ಕೊಟ್ಟು, "ಹಾಗಾದ್ರೆ ಮನೇಲಿ ರೆಸ್ಟ್ ಮಾಡಿ," ಎಂದ. ಅದರ ಅರ್ಥ ಅವಳಿಗೆ ಗೊತ್ತಾಯಿತು. ಚೀಟಿಯನ್ನು ಚೀಲದೊಳಗೆ ಹಾಕಿಕೊಂಡು ಬಂದು ನಿಂತಳು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ನಾನು ಚಿಕ್ಕವಳಿದ್ದಾಗ ಅಮ್ಮ ನನ್ನನ್ನು ಶಿವಮೊಗ್ಗದ ಗಾಂಧಿ ಬಜಾರಿಗೆ ಕರೆದುಕೊಂಡು ಬರುತ್ತಿದ್ದಳು. ಆಗಿನ ಬಟ್ಟೆ ಅಂಗಡಿಯಲ್ಲಿ ಗೋಡೆಯಿಂದ ಗೋಡೆಗೆ ಬಿಳಿ ಗಾದಿ. ಚಪ್ಪಲಿ ಹೊರಗೆ ಬಿಟ್ಟು ನಾವು ಈ ತುದಿಗೆ ಕೂರುತ್ತಿದ್ದೆವು, ಮಾರುವವನು ಆ ತುದಿಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಸೀರೆಯನ್ನು ಕೂತಲ್ಲಿಂದಲೇ ಒಮ್ಮೆ ಹೀಗೆ ಒಗೆದರೆ ಸೆರಗು ನಮ್ಮ ಮಡಿಲಿಗೆ ಬಂದು ಬೀಳುತ್ತಿತ್ತು. ಅವನ ಮರ್ಯಾದೆಯೂ ಹೋಗಲಿಲ್ಲ, ನಮ್ಮದೂ ಹೋಗಲಿಲ್ಲ. ವ್ಯಾಪಾರವೇನು ಕಡಿಮೆಯಿತ್ತೇ? ಹಬ್ಬದ ವಾರ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹೊಸದಾಗಿ ಬಂದದ್ದು ಗಾಜು ಮತ್ತು ಏಸಿ ಅಂತ ಜನ ಅಂದುಕೊಂಡಿದ್ದಾರೆ. ಅವುಗಳ ಜೊತೆಗೆ ಈ ನಿಲ್ಲಿಸುವ ದರ್ಪವೂ ಬಂದಿದೆ.

ಮದುವೆ ಕಾಲದಲ್ಲಿ ಹೊಳೆಹೊನ್ನೂರಿನಿಂದ ಒಬ್ಬ ಹೆಂಗಸು ಬಂದರು. ಅರವತ್ತರ ಆಸುಪಾಸು, ಜೊತೆಗೆ ಮಗಳು. ಮೊಮ್ಮಗಳ ಧಾರೆಗೆ ಸೀರೆ ಬೇಕಿತ್ತು. ಅವರು ಕುರ್ಚಿಯ ಮೇಲೆ ಕುಳಿತರು, ನಾನು ಎದುರಿಗೆ ನಿಂತು ಒಂದೊಂದಾಗಿ ಬಿಚ್ಚಿದೆ. ನಲವತ್ತು ಸೀರೆಯಾಗಿರಬೇಕು. ಆಕೆ ಸೀರೆ ನೋಡುವುದು ಬಿಟ್ಟು ನನ್ನನ್ನೇ ನೋಡತೊಡಗಿದರು.

"ನಿಂಗೇನ್ ಕಾಲು ನೋಯ್ತಾ ಇದೆಯಾ ಮಾರಾಯ್ತಿ? ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕ್ತಿದ್ದೀಯಲ್ಲ."

"ಇಲ್ಲಮ್ಮ, ಅಭ್ಯಾಸ ಆಗಿದೆ."

"ಎಂಥ ಅಭ್ಯಾಸ! ಗದ್ದೆ ನಾಟಿ ಮಾಡಿದ ಕಾಲು ನಂದು, ನೋವು ಗೊತ್ತಾಗಲ್ವಾ? ಆ ಕುರ್ಚಿ ಎಳ್ಕೊಂಡು ಕೂತ್ಕೋ. ನೀನು ಮೇಲೆ ನಿಂತು, ನಾನು ಕತ್ತೆತ್ತಿ ನೋಡಿ, ನಂಗೂ ಸಾಕಾಯ್ತು."

ಕೂತೆ. ಕೂರಬಾರದು ಎಂದು ಗೊತ್ತಿದ್ದೇ ಕೂತೆ. ತಕ್ಷಣ ಫೋನು ಹೊಡೆದುಕೊಂಡಿತು. ಯಾರೂ ಎತ್ತುವ ಮೊದಲೇ ಮ್ಯಾನೇಜರ್ ಗಾಜಿನ ಕೋಣೆಯಿಂದ ಬಂದ. ಆಕೆಗೆ ಕೈಮುಗಿದು, ನನಗೆ ಕಣ್ಣಲ್ಲೇ ಏಳು ಎಂದ. ಆಕೆ ಕೆರಳಿದರು. "ನಾನೇ ಕೂರು ಅಂದದ್ದು. ನಿಮ್ಮಮ್ಮನ್ನ ಹಿಂಗೇ ನಿಲ್ಲಿಸ್ತೀಯೇನಪ್ಪ?" ಎಂದು ಮಹಡಿಯ ತುಂಬ ಕೇಳುವಂತೆ ಕೇಳಿದರು. ಅವನು "ಅದು ರೂಲ್ಸು ಅಮ್ಮ" ಎಂದ. ಆಕೆ ಚೀಲ ಎತ್ತಿಕೊಂಡು, ಮಗಳ ಕೈ ಹಿಡಿದು, ಒಂದೂ ಸೀರೆ ಕೊಳ್ಳದೆ ಇಳಿದುಹೋದರು.

ನನ್ನ ಪರವಾಗಿ ಮಾತಾಡಿದ್ದು ಆಕೆಯೊಬ್ಬರೇ. ಆದರೆ ಆ ಜಗಳದ ಭಾರ ನನ್ನ ಮೇಲೇ ಬಿತ್ತು. ಸಂಜೆ ನಮ್ಮನ್ನೆಲ್ಲ ಗಾಜಿನ ಕೋಣೆಗೆ ಕರೆದು ಮ್ಯಾನೇಜರ್ ಭಾಷಣ ಮಾಡಿದ. ಗಿರಾಕಿಯ ಮುಂದೆ ದುಃಖ ತೋಡಿಕೊಳ್ಳುವುದು ಮೋಸವಂತೆ. ಅದರಿಂದಲೇ ವ್ಯಾಪಾರ ತಪ್ಪಿತಂತೆ. ನಾನು ಬಾಯಿ ತೆರೆದೆ.

"ಸರ್, ನಾನು ಏನೂ ತೋಡ್ಕೊಂಡಿಲ್ಲ. ಅವರಿಗೆ ಕಣ್ಣಿದೆ, ಕಂಡ್ರು. ಈಗ್ಲೂ ನೀವು ಕೂತು ಬೈತಿದ್ದೀರಿ, ನಾವು ನಿಂತು ಬೈಸ್ಕೊಳ್ತಿದ್ದೀವಿ."

ಉಳಿದ ಐದು ಜನ ನೆಲ ನೋಡಿದರು. ಒಬ್ಬರೂ ಹೂಂ ಅನ್ನಲಿಲ್ಲ. ಬಸ್ಸಿನಲ್ಲಿ ಹಳೇ ಭದ್ರಾವತಿಯವಳು ಪಕ್ಕದಲ್ಲಿ ಕೂತರೆ ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. "ಅಕ್ಕಾ, ಕೋಪ ಮಾಡ್ಕೋಬೇಡಿ. ನಂಗೆ ಈ ಕೆಲ್ಸ ಬೇಕು," ಎಂದಳು. ನನಗೂ ಬೇಕಿತ್ತಲ್ಲ! ಅವಳ ಮೇಲೆ ಬಂದ ಸಿಟ್ಟು ಮ್ಯಾನೇಜರನ ಮೇಲಿನದಕ್ಕಿಂತ ಹೆಚ್ಚಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅದು ನ್ಯಾಯವಾಗಿರಲಿಲ್ಲ.

ಮರುದಿನದಿಂದ ನನ್ನನ್ನು ಕೆಳಗೆ ಬಾಗಿಲಿಗೆ ಹಾಕಿದರು. ಬಂದವರಿಗೆಲ್ಲ ಕೈಮುಗಿದು, "ನಮಸ್ಕಾರ, ಬನ್ನಿ" ಎನ್ನುವ ಕೆಲಸ. ಹದಿನೈದು ವರ್ಷ ಸೀರೆ ಮುಟ್ಟಿದ ಕೈಗೆ ಕೈಮುಗಿಯುವುದೊಂದೇ ಉಳಿಯಿತು. ಹೆಚ್ಚಿನವರು ಮೊಬೈಲು ನೋಡುತ್ತ ಒಳಗೆ ಹೋಗುತ್ತಿದ್ದರು. ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹೇಳಿದವರನ್ನು ನಾನು ಗುರುತಿಟ್ಟುಕೊಳ್ಳುತ್ತಿದ್ದೆ. ಕಷ್ಟವಾಗಲಿಲ್ಲ, ಅಷ್ಟು ಕಡಿಮೆ ಜನ.

ಹತ್ತು ಹನ್ನೆರಡು ದಿನ ಕಳೆದಿರಬಹುದು. ಮಧ್ಯಾಹ್ನ ಮೂರರ ಹೊತ್ತು, ಬಿಸಿಲಿಗೆ ಬೀದಿ ಖಾಲಿ. ಮೇಲಿನಿಂದ ಫೋನಿನ ಸದ್ದು ಕೇಳಿಸಿತು. ನಿಂತಿತು, ಮತ್ತೆ ಶುರುವಾಯಿತು. ಯಾರೂ ಎತ್ತುತ್ತಿಲ್ಲ. ಏನೋ ಅನಾಹುತ ಆಯಿತೆಂದು ನಾನು ಮೆಟ್ಟಿಲು ಹತ್ತಿ ಓಡಿದೆ.

ಹಳೇ ಭದ್ರಾವತಿಯವಳು ಕೌಂಟರಿನ ಹಿಂದೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಪಕ್ಕ ಇನ್ನೊಬ್ಬಳು. ಆಚೆ ಕೌಂಟರಿನ ಹಿಂದೆ ಮೂವರು. ನನ್ನನ್ನು ಕಂಡು ಅವಳು, "ಬನ್ನಿ ಅಕ್ಕಾ, ಇನ್ನು ನಿಲ್ಲಕ್ಕಾಗಲ್ಲ," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನಾನು ಬಾಗಿಲ ಕೆಲಸ ಬಿಟ್ಟು ಅವಳ ಪಕ್ಕ ಕೂತೆ.

ಮ್ಯಾನೇಜರ್ ಬಂದ, ಕೂಗಾಡಿದ. ಯಾರೂ ಏಳಲಿಲ್ಲ. ಆರೂ ಜನರನ್ನು ಒಟ್ಟಿಗೆ ಮನೆಗೆ ಕಳಿಸಿದರೆ ಮದುವೆ ಕಾಲದಲ್ಲಿ ಸೀರೆ ಬಿಚ್ಚುವವರು ಯಾರು? ಅದು ಅವನಿಗೂ ಹೊಳೆಯಿತೆಂದು ಕಾಣುತ್ತದೆ. ಮೇಲಿನವರಿಗೆ ಫೋನು ಮಾಡಿಕೊಂಡು ಹೊರಗೆ ಹೋದ. ಮುಂದಿನ ವಾರ ಮೂರು ಪ್ಲಾಸ್ಟಿಕ್ ಸ್ಟೂಲು ಬಂದವು. ಆರು ಜನಕ್ಕೆ ಮೂರು. ಗಿರಾಕಿ ಇಲ್ಲದಾಗ ಮಾತ್ರ ಕೂರಬೇಕೆಂಬ ಷರತ್ತೂ ಬಂತು. ನನ್ನನ್ನು ಮತ್ತೆ ಮೇಲಕ್ಕೆ ಕರೆದುಕೊಂಡರು.

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಮಹಿಳಾ ದಿನಾಚರಣೆ ಬಂತು. ಮಾಲೀಕರೇ ಫೋಟೋ ತೆಗೆಯುವವನನ್ನು ಕರೆದುಕೊಂಡು ಬಂದರು. ಅವತ್ತಿಗೆ ಇನ್ನೂ ಮೂರು ಸ್ಟೂಲು, ಬಟ್ಟೆ ಹೊದಿಸಿದ್ದು, ಎಲ್ಲಿಂದಲೋ ಬಂದವು. ನಮ್ಮ ತಲೆಗೆ ಮಲ್ಲಿಗೆ ಮುಡಿಸಿ, ಸಾಲಾಗಿ ಕೂರಿಸಿ, "ನಗಿ, ನಗಿ" ಎಂದರು. ಫೋಟೋ ಸಂಜೆಯೊಳಗೆ ಊರಿನವರೆಲ್ಲರ ಮೊಬೈಲಿಗೆ ಬಂತು. ಕೆಳಗೆ ಬರೆದಿತ್ತು, ನಮ್ಮ ಸಿಬ್ಬಂದಿಯೇ ನಮ್ಮ ಕುಟುಂಬ ಎಂದು. ಫೋಟೋ ತೆಗೆದವನ ಜೊತೆಗೇ ಆ ಮೂರು ಸ್ಟೂಲುಗಳೂ ವಾಪಸ್ಸು ಹೋದವು.

ಜನ್ನಾಪುರದಲ್ಲಿ ಪಕ್ಕದ ಮನೆಯವರು ಮೊಬೈಲು ಹಿಡಿದುಕೊಂಡು ಬಂದರು. "ಎಷ್ಟು ಒಳ್ಳೇ ಮಾಲೀಕರು ಸಿಕ್ಕಿದ್ದಾರಲ್ಲ ನಿಮಗೆ! ನೋಡಿ, ಎಷ್ಟು ಚೆನ್ನಾಗಿ ನಕ್ಕಿದ್ದೀರಿ!"

ನೋಡಿದೆ. ನಿಜವಾಗಿಯೂ ನಕ್ಕಿದ್ದೆ, ಹಲ್ಲು ಕಾಣುವ ಹಾಗೆ. ಕ್ಯಾಮೆರಾ ಎತ್ತಿದ ಕೂಡಲೇ ಮುಖ ತಾನಾಗಿಯೇ ನಕ್ಕುಬಿಟ್ಟಿತ್ತು.

"ಆ ಸ್ಟೂಲು ಅವರಾಗಿ ಕೊಟ್ಟಿದ್ದಲ್ಲ ಕಣ್ರೀ," ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ನಾವು ನೆಲದ ಮೇಲೆ ಕೂತು ತಗೊಂಡಿದ್ದು. ಒಳಗೆ ಬನ್ನಿ, ಮೊದಲಿಂದ ಹೇಳ್ತೀನಿ."

ಆಕೆ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದರು. ನಾನು ಬಿಡಲಿಲ್ಲ. ಹಾಲು ಇಳಿಸಿ ಬನ್ನಿ ಎಂದು ಹೇಳಿ ಬಾಗಿಲಲ್ಲೇ ಕಾದೆ.