ಸುಣ್ಣದಡಿಯ ಹುರಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಮೈದಾನದಲ್ಲಿ ಸುಣ್ಣದಕ್ಕ ಕುಕ್ಕರಗಾಲಿನಲ್ಲಿ ಕೂತು ಗೂಟ ಹೊಡೆಯುತ್ತಿದ್ದಾರೆ. ಗೂಟಕ್ಕೆ ಹುರಿ ಕಟ್ಟಿ, ಆ ತುದಿಯವರೆಗೂ ಎಳೆದು ಬಿಗಿದು, ತೂತಿನ ಡಬ್ಬಿಯಿಂದ ಅದರುದ್ದಕ್ಕೂ ಸುಣ್ಣದ ಪುಡಿ ಉದುರಿಸುತ್ತಾ ಬಗ್ಗಿಕೊಂಡೇ ನಡೆಯುತ್ತಾರೆ. ನಡುನಡುವೆ ನಿಂತು, "ಈ ಸೊಂಟ ಯಾವತ್ತು ಕೈ ಕೊಡತ್ತೋ" ಎಂದು ಗೊಣಗಿಕೊಳ್ಳುತ್ತಾರೆ. ಇವತ್ತು ಕ್ರೀಡಾಕೂಟ.

ಮಕ್ಕಳು ಸುಣ್ಣದಕ್ಕ ಎಂದು ಕರೆಯುವ ಈ ಅಕ್ಕ ಶಾಲೆಯ ಆಯಾ. ಕಸ ಗುಡಿಸುವುದು, ಗಂಟೆ ಹೊಡೆಯುವುದು, ಬಿದ್ದು ಬಂದ ಮಕ್ಕಳ ಮಂಡಿ ತೊಳೆಯುವುದು ಎಲ್ಲ ಅವರ ತಲೆ ಮೇಲೇ. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಇದೇ ಸಂಬಳದಲ್ಲಿ ಮಗಳನ್ನು ಓದಿಸಿ ದಡ ಮುಟ್ಟಿಸಿದ್ದಾರೆ. ಗೆರೆ ಹಾಕುವ ಕೆಲಸ ಯಾರದೂ ಆಗಿರಲಿಲ್ಲ, ಹಾಗಾಗಿ ಇವರ ಪಾಲಿಗೆ ಬಂತು. "ಗೆರೆ ಹಾಕಿದ ರಾತ್ರಿ ಮಗ್ಗುಲು ಬದಲಾಯ್ಸೋಕೂ ಆಗಲ್ಲ" ಎನ್ನುತ್ತಾರೆ.

ಗೆರೆ ಮುಗಿದ ಮೇಲೆ ಹುರಿ ಸುತ್ತಿ ಎತ್ತಿಡಬೇಕು. ಎರಡು ವರ್ಷದ ಹಿಂದೆ ಒಮ್ಮೆ ಮರೆತರು. ಒಂದನೇ ತರಗತಿಯಲ್ಲಿ ಮಗುವೊಂದು ವಾಂತಿ ಮಾಡಿಕೊಂಡಿದೆ ಎಂದು ಕರೆ ಬಂತು, ಓಡಿದರು. ಹುರಿ ಸುಣ್ಣದಡಿಯಲ್ಲೇ ಉಳಿಯಿತು.

ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿಗೆ ಕಣ್ಣು ಮಂಜು ಮಂಜು. ಆಟದ ಪೀರಿಯಡ್ಡಿನಲ್ಲಿ ಅವಳಿಗೆ ಉಳಿದವರ ಚಪ್ಪಲಿ ಕಾಯುವ ಕೆಲಸ. ಯಾವತ್ತಾದರೂ ಆಟಕ್ಕೆ ಸೇರಿಸಿಕೊಂಡರೂ "ಇವಳು ಲೆಕ್ಕಕ್ಕಿಲ್ಲ" ಎಂದು ಮೊದಲೇ ಕೂಗಿಬಿಡುತ್ತಿದ್ದರು. ಅವತ್ತು ಅವಳ ಬರಿಗಾಲಿಗೆ ಹುರಿ ತಾಗಿತು. ಅಂಗಾಲಿನಲ್ಲೇ ಅದರ ಜಾಡು ಹಿಡಿದು ನಡೆದಳು, ಆಮೇಲೆ ಓಡಿದಳು.

"ಪಿ.ಟಿ. ಮೇಷ್ಟ್ರು ಕೂಗಾಡ್ಕೊಂಡು ಬಂದ್ರು, ಹುರಿ ಬಿಟ್ಟಿದೀರಲ್ಲ, ಮಕ್ಕಳು ಎಡವಲ್ವಾ ಅಂತ. ಇವಳು ಓಡೋದು ನೋಡಿ ಅಲ್ಲೇ ನಿಂತುಬಿಟ್ರು" ಎಂದು ಅಕ್ಕ ನಗುತ್ತಾರೆ.

ಅಂದಿನಿಂದ ಒಂದು ಗೆರೆಯ ಹುರಿಯನ್ನು ಬೇಕೆಂದೇ ಎತ್ತುವುದಿಲ್ಲ. ಯಾರೂ ಎಡವದಂತೆ ಸಣ್ಣ ಸಾಲು ಕೆರೆದು ಅದನ್ನು ಅರ್ಧ ಹೂಳಬೇಕು. ಅದೇನೂ ಕಡಿಮೆ ಕೆಲಸವಲ್ಲ. ಎಲ್ಲ ಮಕ್ಕಳನ್ನೂ ಆಟಕ್ಕೆ ಸೇರಿಸಿಕೊಂಡ ಶಾಲೆ ಎಂದು ಈ ವರ್ಷ ಫಲಕವೂ ಬಂದಿದೆ. "ಫೋಟೊ ತೆಗೆಯೋ ಹೊತ್ತಿಗೆ ನಾನು ಪಾಯಿಖಾನೆ ತೊಳೀತಿದ್ದೆ. ಈಗ ಫಲಕದ ಧೂಳು ಒರೆಸೋಳೂ ನಾನೇ."

ಫಲಕ ಬಂದರೂ ಅಕ್ಕನಿಗೆ ಸಮಾಧಾನವಿಲ್ಲ. ಹೋದ ವರ್ಷ ರಿಲೇ ಪಂದ್ಯ ಮುಗಿದ ಮೇಲೆ ಗುಬ್ಬಿಯನ್ನು ಒಬ್ಬಳನ್ನೇ ಓಡಿಸಿದರು. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. "ನನ್ನ ಹೊಟ್ಟೆಗೆ ಮುಖ ಒತ್ಕೊಂಡು ಅತ್ಲು. ನಾನು ಓಡಿದ್ದು ಎಣಿಸ್ಲೇ ಇಲ್ವಲ್ಲ ಅಕ್ಕ ಅಂದ್ಲು." ಆಮೇಲೆ ಅಕ್ಕ ಮೇಷ್ಟ್ರ ಬೆನ್ನು ಬಿದ್ದು ಒಪ್ಪಿಸಿದ್ದಾರೆ. ಈ ಸಲ ಗುಬ್ಬಿ ತಂಡದ ನಾಲ್ವರಲ್ಲಿ ಒಬ್ಬಳು. ಗೆದ್ದರೂ ಸೋತರೂ ಅವಳ ಓಟವೂ ಲೆಕ್ಕಕ್ಕೆ ಬರುತ್ತದೆ.

ಮೈದಾನ ಚಿಕ್ಕದು, ಇಲ್ಲಿ ರಿಲೇ ಎಂದರೆ ಈ ತುದಿಯಿಂದ ಆ ತುದಿಗೆ ಓಡಿ ಕೋಲು ದಾಟಿಸುವುದು. ಬಿಸಿಲೇರುವ ಹೊತ್ತಿಗೆ ಪಂದ್ಯ ಶುರುವಾಗುತ್ತದೆ; ಸರದಿ ಬಂದಾಗ ಗುಬ್ಬಿ ಕೋಲು ಹಿಡಿದು ಓಡುತ್ತಾಳೆ. ಕಾಲು ಹುರಿ ಬಿಡುವುದಿಲ್ಲ. ಅಕ್ಕ ಗಂಟೆಯ ಕೆಳಗೆ ನಿಂತು ನೋಡುತ್ತಿದ್ದಾರೆ. ದಾಟಿಸುವಾಗ ಕೋಲು ಕೈಜಾರುತ್ತದೆ. ಗುಬ್ಬಿ ಮಂಡಿಯೂರಿ ನೆಲ ತಡಕಿ ಎತ್ತಿಕೊಡುವಷ್ಟರಲ್ಲಿ ಉಳಿದ ತಂಡಗಳು ದಾಟಿ ಹೋಗಿವೆ. ಅಲ್ಲಿಯವರೆಗೆ ಮುಂದಿದ್ದ ಗುಬ್ಬಿಯ ತಂಡ ಕೊನೆಗೆ ಬರುತ್ತದೆ.

ಈ ಸಲ ಚಪ್ಪಾಳೆ ಇಲ್ಲ. ಜೊತೆಯ ಹುಡುಗಿಯರು ಗುಬ್ಬಿಯ ಮೇಲೆ ಮುಗಿಬೀಳುತ್ತಾರೆ: "ಗಟ್ಟಿಯಾಗಿ ಹಿಡ್ಕೊಳೋಕೆ ಏನಾಗಿತ್ತು? ನಿನ್ನಿಂದ್ಲೇ ಸೋತಿದ್ದು!"

"ನೀನ್ಯಾಕೆ ಬೇಗ ಕೈ ಎಳ್ಕೊಂಡೆ?" ಎಂದು ಗುಬ್ಬಿಯೂ ಅಳುತ್ತಲೇ ತಿರುಗಿ ಬೀಳುತ್ತಾಳೆ.

ಬಿಡಿಸಲು ಹೊರಟ ಮೇಷ್ಟ್ರಿಗೆ ಅಕ್ಕ ಕೈ ಅಡ್ಡ ಹಿಡಿಯುತ್ತಾರೆ. ಅವರ ದಣಿದ ಕಣ್ಣು ತುಂಬಿ ಬಂದಿದೆ.

"ಬಿಡಿ ಮೇಷ್ಟ್ರೇ, ಬೈಲಿ. ಹೋದ ವರ್ಷ ಇವಳನ್ನ ಬೈಯೋರೇ ಇರ್ಲಿಲ್ಲ."