ಗ್ವಾಂಗ್‌ಝೌನಲ್ಲಿ ಅಣ್ಣ ಕುಡಿದ ಗಂಜಿ

ಅಣ್ಣ ಚೀನಾದಲ್ಲಿ ಮೂರು ಹೊತ್ತೂ ಗಂಜಿ ಕುಡಿದ. ನಾನು ಮೂರು ಹೊತ್ತೂ ನಕ್ಕೆ. ಆ ನಗು ನೆನಪಾದಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಚೌಳಹಿರಿಯೂರಿನ ಹತ್ತಿರ ನಮ್ಮ ತೆಂಗಿನ ತೋಟ. ಕಾಯಿ ಸಿಪ್ಪೆಯಿಂದ ನಾರು ತೆಗೆಯುವ ಮೆಷಿನ್ ನೋಡಿಕೊಂಡು ಬರೋಣವೆಂದು ಇಬ್ಬರೂ ಐದು ದಿನ ಗ್ವಾಂಗ್‌ಝೌಗೆ ಹೋಗಿದ್ದೆವು. ಮೆಷಿನ್ ನೋಡಿದ್ದು ಒಂದು ದಿನ, ಉಳಿದದ್ದೆಲ್ಲ ಊಟವೇ. ಮೊದಲ ಬೆಳಿಗ್ಗೆ ಹೋಟೆಲಿನಲ್ಲಿ ಬಟ್ಟಲು ತೊಳೆದುಕೊಳ್ಳಲು ಕೊಟ್ಟ ಟೀಯನ್ನು ನಾನು ಗಟಗಟ ಕುಡಿದುಬಿಟ್ಟೆ. ಅಣ್ಣ ಬಿದ್ದು ಬಿದ್ದು ನಕ್ಕ. ನಾನು ಸುಟ್ಟ ಬಾತುಕೋಳಿಯ ಗರಿಗರಿ ಚರ್ಮ, ಸಿಗಡಿ ತುಂಬಿದ ಪುಟ್ಟ ಕಡುಬು, ಸಿಕ್ಕಿದ್ದೆಲ್ಲ ಬಾರಿಸಿದೆ. ಅಣ್ಣನಿಗೆ ಮಾತ್ರ ಶುಂಠಿ ಹಾಕಿದ ಮೀನಿನ ಗಂಜಿ, ಹಬೆಯಲ್ಲಿ ಬೇಯಿಸಿದ ಮೊಟ್ಟೆ.

"ಏನಣ್ಣಾ, ಇಷ್ಟು ದೂರ ಬಂದು ಕಾಯಿಲೆಯವ್ರ ಥರ ಗಂಜಿ ಕುಡೀತಿದ್ದೀಯಲ್ಲ," ಅಂದೆ.

"ಸುಮ್ನಿರೋ. ಎಷ್ಟು ಸಲೀಸಾಗಿ ಇಳೀತದೆ ನೋಡು," ಅಂದ. ಇನ್ನೊಂದು ಬಟ್ಟಲು ತರಿಸಿದ. ಅವನ ಮುಖದಲ್ಲಿ ಅಂಥ ಖುಷಿಯನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಊರಿಗೆ ಬಂದ ದಿನ ಅತ್ತಿಗೆ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಅಣ್ಣ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟ. ಅದು ಇಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು. ಎದ್ದು ಹಿತ್ತಲಿಗೆ ಹೋದ.

ಶಿವಮೊಗ್ಗದ ಡಾಕ್ಟರು ಅನ್ನನಾಳದಲ್ಲಿ ಗಡ್ಡೆ ಎಂದರು. ಎಷ್ಟು ದಿನದಿಂದ ನುಂಗೋಕೆ ತೊಂದರೆ ಎಂದು ಕೇಳಿದರೆ ಅಣ್ಣ ನನ್ನ ಮುಖ ನೋಡದೆ, "ಚೀನಾಕ್ಕೆ ಹೋಗೋಕ್ಕೂ ಮೊದ್ಲಿಂದ," ಅಂದ. ಮನೆಯಲ್ಲಿ ತಿಂಗಳುಗಟ್ಟಲೆ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು, ಉಳಿದದ್ದನ್ನು ನಾಯಿಗೆ ಹಾಕಿ ಎಲ್ಲರ ಕಣ್ಣಿಗೆ ಮಣ್ಣೆರಚಿದ್ದ.

ಊರಿಗೆ ವಾಪಸ್ ಬರುವ ಬಸ್ಸಿನಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಐದು ದಿನ ಪಕ್ಕದಲ್ಲೇ ಇದ್ನಲ್ಲ, ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಅಲ್ಲಿ ಹೊಟ್ಟೆ ತುಂಬ ಊಟ ಮಾಡ್ದೆ ಕಣೋ. ಹೇಳಿದ್ರೆ ಅದೂ ಹೋಗ್ತಿತ್ತು."



ಆಮೇಲೆ ಅಣ್ಣ ನಾಲ್ಕು ತಿಂಗಳು ಬದುಕಿದ. ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಎಡೆ ಇಡುವುದು ನಮ್ಮ ಪದ್ಧತಿ. ನಾನೇ ಒಲೆ ಮುಂದೆ ನಿಂತು ಅಕ್ಕಿಯನ್ನು ಕರಗುವ ತನಕ ಬೇಯಿಸಿ, ಶುಂಠಿ ಹಾಕಿ ಗಂಜಿ ಮಾಡಿದೆ. ಅದು ಅಲ್ಲಿಯ ಹಾಗೆ ಬರಲಿಲ್ಲ. ದೊಡ್ಡಪ್ಪ ನೋಡಿ ರೇಗಿದರು.

"ಎಡೆಗೆ ಯಾರಾದ್ರೂ ಗಂಜಿ ಇಡ್ತಾರೇನೋ? ಅವ್ನಿಗೆ ಮುದ್ದೆ ಅಂದ್ರೆ ಪ್ರಾಣ. ತೆಗಿ ಅದನ್ನ."

ನಾನು ಬಟ್ಟಲನ್ನು ಎತ್ತಿಕೊಂಡೆ. ಅಷ್ಟು ಹೊತ್ತೂ ಗೋಡೆಗೊರಗಿ ಕೂತಿದ್ದ ಅತ್ತಿಗೆ ಎದ್ದು ಬಂದರು. ಎಲೆಯ ಮೇಲಿದ್ದ ಮುದ್ದೆಯನ್ನು ತಾವೇ ತೆಗೆದು, ನನ್ನ ಕೈಯಿಂದ ಬಟ್ಟಲು ಇಸಕೊಂಡು ಆ ಜಾಗದಲ್ಲಿ ಇಟ್ಟರು.

"ಮುದ್ದೆ ಬೇಡ ಮಾವ," ಅಂದರು, "ಅವ್ರಿಗೆ ನುಂಗಕ್ಕಾಗಲ್ಲ."