ಕಣ್ಣಳತೆ ನನ್ನದಲ್ಲ

ಶೋಭಾ, ನನ್ನ ಹೆಸರಿನಲ್ಲಿ ಈ ರೋಣದ ಹೆಣ್ಣುಮಕ್ಕಳು ನಲವತ್ತು ವರ್ಷ ತೊಟ್ಟ ಕುಪ್ಪಸಗಳಲ್ಲಿ ಒಂದನ್ನೂ ನಾನು ಕತ್ತರಿಸಿಲ್ಲ. ಒಂದನ್ನೂ! ಹೊಲಿದಿದ್ದೇನೆ, ಹುಕ್ಕು ಹಚ್ಚಿದ್ದೇನೆ, ಇಸ್ತ್ರಿ ಮಾಡಿ ಗಿರಾಕಿಯ ಕೈಗೆ ಕೊಟ್ಟು ಮೀಸೆ ತಿರುವಿದ್ದೇನೆ. ಕತ್ತರಿ ಹಿಡಿದದ್ದು ನಿನ್ನ ಗಿರಿಜತ್ತೆ — ನನ್ನ ಅಕ್ಕ. ಅಬ್ಬಾ, ಬರೆದೇ ಬಿಟ್ಟೆ ನೋಡು! ಯಾಕೋ ಎದ್ದು ಕುಣಿಯಬೇಕು ಅನ್ನಿಸುತ್ತಿದೆ. ಅರವತ್ತೆರಡು ವರ್ಷದ ನಿನ್ನಪ್ಪನಿಗೆ ಏನಾಯಿತು ಅಂತ ನೀನು ನಗಬಹುದು. ನಗು. ಬೈಯುವುದಿದ್ದರೆ ಬೈದೂ ಬಿಡು. ಆದರೆ ನಡುವೆ ಮಡಚಿ ಇಡಬೇಡ, ಇದಕ್ಕಿಂತ ಕೆಟ್ಟದ್ದು ಮುಂದಿದೆ.

ಬೇವಿನ ಗಿಡದ ಕೆಳಗೆ ಒಂದು ಮಷಿನ್ ಇಟ್ಟುಕೊಂಡು ಶುರು ಮಾಡಿದೆ, ಯಾರ ಮುಂದೆಯೂ ಕೈ ಚಾಚಲಿಲ್ಲ — ಇದು ನಿನಗೆ ಬಾಯಿಪಾಠವಾಗಿರುವ ಮಾತು. ಆ ಮಷಿನ್ ಯಾರದು ಎಂದು ಒಮ್ಮೆಯಾದರೂ ಹೇಳಿದೆನೇ? ಶಿರೋಳದಲ್ಲಿ ಅಕ್ಕನ ಗಂಡ ಟೇಲರ್ ಆಗಿದ್ದರು. ಮದುವೆಯಾದ ಮೂರು ವರ್ಷಕ್ಕೆ ತೀರಿಕೊಂಡರು. ಅಕ್ಕ ತವರಿಗೆ ಬಂದ ದಿನ ಚಕ್ಕಡಿಯಲ್ಲಿ ಅವಳ ಟ್ರಂಕಿನ ಜೊತೆ ಆ ಮಷಿನ್ನೂ ಬಂತು, ಒಂದು ದೊಡ್ಡ ಕತ್ತರಿಯೂ ಬಂತು. ಗಂಡ ಇದ್ದಷ್ಟು ದಿನ ಅವಳಿಗೆ ಕತ್ತರಿಸುವುದನ್ನು ಕಲಿಸಿದ್ದರಂತೆ. ನಾನಾಗ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಪಾಸಾಗಿ ಬಸ್‌ಸ್ಟ್ಯಾಂಡಿನಲ್ಲಿ ಪೋಲಿ ತಿರುಗುತ್ತಿದ್ದವನು. ಹೌದು — ನಿನಗೆ ಹೇಳಿದ್ದ ಆ ಫಸ್ಟ್ ಕ್ಲಾಸೂ ಸುಳ್ಳು. ತಗೋ, ಕೇಳದಿದ್ದರೂ ಅದೊಂದು ತಾನಾಗಿಯೇ ಹೊರಗೆ ಬಿತ್ತು!

ಆಗೆಲ್ಲ ನಮ್ಮ ಕಡೆ ಹೆಣ್ಣುಮಕ್ಕಳು ಟೇಲರ್ ಅಂಗಡಿಗೆ ಬಂದು ಅಳತೆ ಕೊಡುತ್ತಿರಲಿಲ್ಲ. ಗಂಡನೋ ಅತ್ತೆಯೋ ಹೊಸ ಬಟ್ಟೆಯ ಜೊತೆ ಒಂದು ಹಳೆಯ ಕುಪ್ಪಸ ತಂದು ಕೊಡುವರು. ಅದೇ ಅಳತೆ. ಬೇರೆ ಟೇಲರುಗಳು ಅದನ್ನು ಬಟ್ಟೆಯ ಮೇಲೆ ಹಾಸಿ ಇದ್ದ ಹಾಗೆಯೇ ಕತ್ತರಿಸುತ್ತಿದ್ದರು. ಅಕ್ಕ ಹಾಗಲ್ಲ. ನಳದ ಹತ್ತಿರ, ಗುಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಅವಳು ಊರಿನ ಎಲ್ಲ ಹೆಂಗಸರನ್ನೂ ಕಂಡಿರುತ್ತಿದ್ದಳು. "ಇದು ಹ್ವಾದ ವರ್ಷದ ಕುಪ್ಪಸ. ಈಗ ಅಕಿ ಕೂಸಿಗೆ ಹಾಲು ಕುಡಸಾಕತ್ಯಾಳ, ಎರಡ ಬೆರಳ ಸಡ್ಲ ಬಿಡಬೇಕು," ಅನ್ನುವಳು. "ಈಕಿ ಭಾಳ ಸೊರಗ್ಯಾಳ, ಯಾಕೋ ಏನೋ. ಒಳಗ ಹಿಡೀತೀನಿ," ಅನ್ನುವಳು. ಹೊಸ ಕುಪ್ಪಸ ತೊಟ್ಟವರಿಗೆ ಆಶ್ಚರ್ಯ! ಅಳತೆಗೆ ಕೊಟ್ಟದ್ದಕ್ಕಿಂತ ಚಲೋ ಕೂಡುತ್ತಿತ್ತು. "ಈರಣ್ಣ ಮಾಸ್ತರಗ ಕಣ್ಣಾಗ ಟೇಪ್ ಐತಿ ನೋಡವಾ," ಅಂದರು. ಕಣ್ಣಳತಿ ಮಾಸ್ತರ ಎಂದು ಹೆಸರೇ ಬಿತ್ತು. ಹೆಂಗಸರೆದುರು ತಲೆ ಎತ್ತದವನಿಗೆ ಕಣ್ಣಳತೆಯಂತೆ!

ಮೊದಮೊದಲು ಮುಚ್ಚಿಡಲು ಒಂದು ಕಾರಣವಿತ್ತು. ನಮ್ಮ ಅಂಗಡಿ ನಡೆಯುತ್ತಿದ್ದದ್ದೇ ಕುಬಸದ ಕಾರ್ಯಗಳಿಂದ — ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಖಣದ ಕುಪ್ಪಸ ತೊಡಿಸಿ, ಉಡಿ ತುಂಬುವ ಕಾರ್ಯ. ಆ ಖಣದ ಮೇಲೆ ಗಂಡ ಸತ್ತವಳ ಕೈ ಬಿದ್ದಿದೆ ಎಂದು ಗೊತ್ತಾಗಿದ್ದರೆ ಯಾರೂ ನಮ್ಮ ಕಟ್ಟೆ ಹತ್ತುತ್ತಿರಲಿಲ್ಲ. "ನನ್ನ ಹೆಸರ ಎತ್ತಬ್ಯಾಡ ತಮ್ಮಾ," ಅಂದವಳು ಅಕ್ಕನೇ. ಇದನ್ನು ನೆಪವಾಗಿ ಹೇಳುತ್ತಿಲ್ಲ, ಶೋಭಾ. ಕಾಲ ಬದಲಾಯಿತು, ಆ ಭಯ ಸವೆಯಿತು, ಕೇಳಿದ್ದರೆ ಹೇಳಬಹುದಾದ ದಿನಗಳೂ ಬಂದವು. ಅಷ್ಟರಲ್ಲಿ ನನಗೆ ಹೊಗಳಿಕೆಯ ರುಚಿ ಹತ್ತಿಬಿಟ್ಟಿತ್ತು. ಹಿಂದಿನ ಖೋಲಿಯಲ್ಲಿ ಬಾಗಿಲು ಮುಚ್ಚಿಕೊಂಡು ಅಕ್ಕ ಕತ್ತರಿಸುವಳು, ಮುಂದಿನ ಖೋಲಿಯಲ್ಲಿ ನಾನು ಮಾಸ್ತರ.

ನಿಮ್ಮವ್ವ ಹೋದಾಗ ನಿನಗೆ ಮೂರು ವರ್ಷ. ನಿನ್ನನ್ನು ಬೆಳೆಸಿದವಳೂ ಅಕ್ಕನೇ. ನೀನು ಓದಿದೆ — ಎಂ.ಎ., ಬಿ.ಎಡ್.! ಓಣಿಗೆಲ್ಲ ಪೇಡೆ ಹಂಚಿದೆ. ಆಮೇಲೆ? ಆಮೇಲೆ ಐದು ವರ್ಷ ನೀನು ಅತಿಥಿ ಶಿಕ್ಷಕಿ. ಸಾಲಿ ಶುರುವಾದಾಗ ಕರೆಯುವರು, ಪರೀಕ್ಷೆ ಮುಗಿದ ಮೇಲೆ ಬಿಡಿಸುವರು; ದುಡಿದ ಗೌರವಧನ ಹಬ್ಬ ಕಳೆದ ಮೇಲೆ ಬಂದರೆ ಬಂತು. ಬೇಸಿಗೆಯಲ್ಲಿ ನೀನು ಮನೆಯಲ್ಲಿ ಕುಳಿತು ಪರೀಕ್ಷೆಗೆ ಓದುವಾಗ ನಾನು ಸುಮ್ಮನಿರಬೇಕಿತ್ತು. ಇದ್ದೆನೇ?

"ನಿನ್ನ ವಯಸ್ಸಿನ್ಯಾಗ ನಾ ಅಂಗಡಿ ಹಾಕಿ, ಮನಿ ಕಟ್ಟಿ, ನಾಕ ಮಂದ್ಯಾಗ ಹೆಸರ ತಗೊಂಡಿದ್ದೆ. ನಿಮಗ ಜವಾಬ್ದಾರಿ ಅಂಬೂದ ಇಲ್ಲ. ಮೊಬೈಲ್ ತಿಕ್ಕೂದೊಂದ ಗೊತ್ತು!"

"ಅಪ್ಪಾ, ನೀ ಅಂಗಡಿ ಹಾಕಿದಾಗ ಊರಾಗ ಟೇಲರ್ ಮಂದಿ ಬೆರಳಿನ್ಯಾಗ ಎಣಸೂವಷ್ಟ ಇದ್ರು. ನಾ ಅರ್ಜಿ ಹಾಕಿದಲ್ಲೆ ಜಾತ್ರಿಗಟ್ಲೆ ಮಂದಿ ಹಾಕ್ಯಾರ. ಪರೀಕ್ಷಾ ಮುಂದ ಹಾಕ್ತಾರ, ಮುಂದ ಹಾಕಿದ್ದನ್ನ ರದ್ದ ಮಾಡ್ತಾರ. ನಾ ಎಲ್ಲೆ ಕಡಿಮಿ ಬಿದ್ದೀನಿ, ಅದನ್ನರ ಹೇಳು."

ನಾನು ದನಿ ಏರಿಸಿದೆ. ದಿನಾ ಅದೇ ರಗಳೆ. ನಿನ್ನ ಎದುರಿಗೆ ಗೆದ್ದು ಬೀಗುವುದು, ಆಮೇಲೆ ಊಟ ಸೇರದೆ ಏಳುವುದು.

ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ ನಿನಗೂ ನೆನಪಿರುತ್ತದೆ. ಅಕ್ಕ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೀನು ಬಂದವಳೇ, ಮುಖದ ತುಂಬ ಹುರುಪು ತುಂಬಿಕೊಂಡು, ಒಂದೇ ಉಸಿರಿಗೆ ಹೇಳಿದೆ. "ಅಪ್ಪಾ, ಈ ಗುತ್ತಿಗಿ ಸಾಲಿ ಸಾಕು. ಅಂಗಡಿ ಹಿಂದಿನ ಖೋಲಿ ನಮಗ ಕೊಡು. ಕುಬಸದ್ದು, ಮದುವಿದ್ದು ಕುಪ್ಪಸ ಅಷ್ಟ ಮಾಡ್ತೀವಿ. ಅತ್ತಿ ಕತ್ತರಸ್ಲಿ, ನಾ ಹೊಲಿತೀನಿ. ಓಣಿ ಕಡೆ ಬಾಗಲಾ ತಗದ ಬೋರ್ಡ್ ಹಾಕೂಣು. ಫೋಟೋ ತಗದ ಮೊಬೈಲ್‌ನ್ಯಾಗ ಬಿಟ್ರ ಹುಬ್ಬಳ್ಳಿತನಾ ಗಿರಾಕಿ ಸಿಗ್ತಾರ!"

ಅತ್ತಿ ಕತ್ತರಸ್ಲಿ. ಆ ಎರಡು ಶಬ್ದ ಕೇಳಿ, ನಿನಗೆ ಎಲ್ಲ ಗೊತ್ತಾಗಿದೆಯೋ ಸುಮ್ಮನೆ ಅಂದೆಯೋ ತಿಳಿಯದೆ ಹೆದರಿದೆ. ಬಾಗಿಲು ತೆಗೆದರೆ ಅಕ್ಕ ಕಾಣುತ್ತಾಳೆ. ಅಕ್ಕ ಕಂಡರೆ — ನಾನು? ಇದು, ಶೋಭಾ, ನಾನು ಮಾಡಿದ ನಿಜವಾದ ಅನ್ಯಾಯ. ನಿನಗೆ ಖೋಲಿ ಕೊಡದಿದ್ದದ್ದು ನಿನ್ನ ಒಳ್ಳೆಯದಕ್ಕಲ್ಲ, ನಿನಗೆ ಜವಾಬ್ದಾರಿ ಕಲಿಸುವುದಕ್ಕಲ್ಲ. ನನ್ನ ಬಣ್ಣ ಬಯಲಾಗುತ್ತದೆ ಎಂಬ ಹೆದರಿಕೆಗೆ. ಅದಕ್ಕೆ ನಾನು ತೊಡಿಸಿದ ಉಪದೇಶ ಎಷ್ಟು ದೊಡ್ಡದು! "ಅಪ್ಪನ ಖೋಲಿ, ಅತ್ತಿ ಕೈ — ಇದಕ್ಕ ಸ್ವಂತ ಉದ್ಯೋಗ ಅಂತಾರೇನ? ನಿನ್ನ ಕಾಲ ಮ್ಯಾಲ ನೀ ನಿಂದ್ರು," ಅಂದೆ.

ನೀನು ಬಹಳ ಮೆಲ್ಲಗೆ ಕೇಳಿದೆ: "ಅಪ್ಪಾ, ನಿನಗ ಯಾರೂ ಆಸರಾ ಆಗಿಲ್ಲೇನು?"

"ಯಾರೂ ಇಲ್ಲ. ನಾ ಒಬ್ಬನ ಮಾಡೀನಿ."

ಮೊರ ಅಲ್ಲಾಡುವುದು ನಿಂತಿತು. ನೀನು ಅಕ್ಕನ ಕಡೆ ನೋಡಿದೆ, ನಾನೂ ನೋಡಿದೆ. ಅಕ್ಕ ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿ, "ಹೌದವ್ವಾ ಶೋಭಾ. ಅಂವ ಒಬ್ಬನ ಮಾಡ್ಯಾನ," ಅಂದಳು. ನೀನು ಎದ್ದು ಒಳಗೆ ಹೋಗಿ ಬ್ಯಾಗು ತುಂಬಿದೆ. ಸಂಜೆಯ ಬಸ್ಸಿಗೆ ಗಜೇಂದ್ರಗಡಕ್ಕೆ ಹೋದೆ, ನಿನ್ನ ಗೆಳತಿಯ ಮನೆಗೆ. ನಾನು ತಡೆಯಲಿಲ್ಲ. ವಾರದೊಳಗೆ ಆ ಖೋಲಿಯನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟು, ಅಕ್ಕನ ಕತ್ತರಿಸುವ ಕೆಲಸವನ್ನು ಮನೆಯ ಮೂಲೆಗೆ ತಳ್ಳಿದೆ. ಕೇಳಿದವರಿಗೆಲ್ಲ, "ಮಗಳಿಗೆ ಜವಾಬ್ದಾರಿ ಕಲಸೀನಿ," ಎಂದು ಕೊಚ್ಚಿಕೊಂಡೆ.

ಈಗ ಹೋದ ವಾರದ್ದು. ನಿನಗೆ ಅರ್ಧ ಗೊತ್ತಿದೆ, ಉಳಿದರ್ಧ ಕೇಳು. ಇಟಗಿಯ ನೀಲವ್ವ ಮಗಳ ಕುಬಸಕ್ಕೆ ಹಸಿರು ಖಣ ತಂದಳು, ಜೊತೆಗೆ ಒಂದು ಅಳತೆ ಕುಪ್ಪಸ. ಕಾರ್ಯಕ್ಕೆ ಮೂರೇ ದಿನ. ಅಕ್ಕನಿಗೆ ಆಗಷ್ಟೇ ಕಣ್ಣಿನ ಆಪರೇಶನ್ ಆಗಿತ್ತು, ಬಗ್ಗಿ ಕೆಲಸ ಮಾಡಬೇಡಿ ಎಂದು ದವಾಖಾನೆಯಲ್ಲಿ ಹೇಳಿದ್ದರು. ನಲವತ್ತು ವರ್ಷ ಪಕ್ಕದಲ್ಲಿದ್ದು ನೋಡಿಲ್ಲವೇ, ನನಗೇನು ಬಾರದೇ ಎಂದುಕೊಂಡು ನಾನೇ ಕತ್ತರಿ ಎತ್ತಿದೆ. ಅಳತೆ ಕುಪ್ಪಸ ಹಾಸಿದೆ, ಗೆರೆ ಎಳೆದೆ, ಕತ್ತರಿಸಿದೆ. ಅದು ಹುಡುಗಿ ಮದುವೆಯಲ್ಲಿ ತೊಟ್ಟ ಕುಪ್ಪಸ! ಈಗ ಅವಳಿಗೆ ಏಳು ತಿಂಗಳು! ಒಂದು ಹುಕ್ಕೂ ಕೂಡಲಿಲ್ಲವಂತೆ. ತವರಿನ ಖಣ — ಬೇರೆ ತಂದರೆ ನಡೆಯುವುದಿಲ್ಲ. ತಾಯಿ ಮಗಳು ಅಳುತ್ತ ಗಜೇಂದ್ರಗಡದಲ್ಲಿ ನೀನು ಹಾಕಿಕೊಂಡ ಹೊಲಿಗೆ ಅಂಗಡಿಗೆ ಹೋದರು. ನೀನು ಅದೇ ಬಣ್ಣದ ತುಂಡು ಹುಡುಕಿ ಎರಡೂ ಬಗಲಿಗೆ ಕೂಡಿಸಿ, ಕೂಡಿಸಿದ್ದು ಗೊತ್ತಾಗದ ಹಾಗೆ ಹೊಲಿದು ಕೊಟ್ಟೆ.

ಕಾರ್ಯ ಮುಗಿದ ಮೇಲೆ ನೀಲವ್ವ ನಮ್ಮ ಮನೆಗೆ ಬಂದಳು, ಬೈಯಲಿಕ್ಕಲ್ಲ, ನನ್ನ ಕ್ಷಮೆ ಕೇಳಲಿಕ್ಕೆ! "ತಪ್ಪ ನಮ್ಮದ ಐತ್ರಿ ಮಾಸ್ತರ. ನಿಮ್ಮ ಮಗಳ ಅಂದ್ರು, ಅಪ್ಪ ತಪ್ಪ ಮಾಡಂಗಿಲ್ಲ, ಬಟ್ಟಿನ ಕಮ್ಮಿ ಬಿದ್ದೈತಿ ಅಂತ. ನಾ ಸುಮ್ನ ನಿಮ್ಮನ್ನ ಬೈಕೊಂಡೆ ನೋಡ್ರಿ," ಅಂದಳು.

ನಾನೇನು ಮಾಡಿದೆ ಗೊತ್ತೇ? ಇರಲಿ ಬಿಡವ್ವಾ ಎನ್ನುವ ಹಾಗೆ ದೊಡ್ಡ ಮನುಷ್ಯನಂತೆ ತಲೆಯಾಡಿಸಿದೆ. ಛೀ! ಅವಳು ಹೋದಳು. ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಕುಳಿತಿದ್ದ ಅಕ್ಕ ನಕ್ಕಳು.

"ನಲವತ್ತ ವರ್ಷ ಆತು ಈರಣ್ಣ. ಇನ್ನೂ ನೀ ಅಳತಿ ಕುಪ್ಪಸ ನೋಡ್ತಿ, ತೊಡೂ ಹೆಣ್ಣಮಗಳನ್ನ ನೋಡೂದಿಲ್ಲ."

ಅವಳೇ ಮುಂದುವರಿಸಿದಳು. "ಶೋಭಾಗ ಎಲ್ಲಾ ಗೊತ್ತೈತಿ. ಆರನೇ ಕ್ಲಾಸಿನ್ಯಾಗ ಇದ್ದಾಗಿಂದ ಗೊತ್ತೈತಿ. ಸಾಲಿ ಬಿಟ್ಟ ಬಂದು ನನ್ನ ಮುಂದ ಕುಂತು ಬಟ್ಟಿ ಚೂರ ಆರಸ್ತಿದ್ಲು. ಅವತ್ತ ಅಕಿ ನಿನ್ನ ಕೇಳಿದ್ದು ತಿಳ್ಕೊಳ್ಳಾಕಲ್ಲ. ನೀ ನನ್ನ ಹೆಸರ ಹೇಳ್ತಿ ಏನೋ ಅಂತ ಆಸೆಕ್ಕ ಕೇಳಿದ್ಲು."

"ಮತ್ತ ನೀ ಯಾಕ ಹಂಗಂದಿ ಅಕ್ಕಾ?"

"ನೀ ನನ್ನ ಕಡೆ ನೋಡಿದ್ಯಲ್ಲ. ಆ ಮಾರಿ ನನ್ನ ಕೈಲೆ ನೋಡಾಕ ಆಗಲಿಲ್ಲ."

ಶೋಭಾ, ಅಲ್ಲಿಂದ ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ಓಡಿದೆ! ಚಪ್ಪಲಿ ಮೆಟ್ಟದೆ, ಹೆಗಲ ಮೇಲಿನ ಟೇಪು ಜೋತಾಡಿಸುತ್ತ, ಬಸ್‌ಸ್ಟ್ಯಾಂಡಿನ ತನಕ ಓಡಿದೆ. ನಾಯಿಗಳು ಬೆನ್ನು ಹತ್ತಿದವು. ನೀಲವ್ವ ಬಸ್ಸಿನ ಕಿಟಕಿಯ ಹತ್ತಿರ ಕುಳಿತಿದ್ದಳು. ಕಿಟಕಿಯ ಸರಳು ಹಿಡಿದು ಏದುಸಿರು ಬಿಡುತ್ತ ಕೂಗಿಬಿಟ್ಟೆ: "ಬಟ್ಟಿ ಕಮ್ಮಿ ಇರಲಿಲ್ಲವಾ! ನಾ ಕೆಡಿಸಿದ್ದು! ನನಗ ಕುಪ್ಪಸ ಕತ್ತರಸಾಕ ಬರೂದ ಇಲ್ಲ! ಇಷ್ಟ ವರ್ಷ ಕತ್ತರಿಸಿದಾಕಿ ನಮ್ಮಕ್ಕ ಗಿರಿಜವ್ವ!"

ಬಸ್ಸೆಲ್ಲ ನನ್ನನ್ನೇ ನೋಡಿತು. ಕಂಡಕ್ಟರ್ ಸೀಟಿ ಊದುವುದನ್ನೇ ಮರೆತ. ನೀಲವ್ವ ಕಿಟಕಿಯ ಕಡೆ ಬಾಗಿದಳು. "ಹಂಗಾರ ನನ್ನ ಕುಬಸದ ಕುಪ್ಪಸಾನೂ ಆ ಅಕ್ಕಾರ ಕೈಯಾಂದ ಏನ್ರಿ?" ಅಂದಳು.

ಹೌದು ಅಂದೆ. ಈಗ ಶಪಿಸುತ್ತಾಳೆ ಎಂದುಕೊಂಡೆ.

"ನನಗ ಮೂರ ಮಕ್ಕಳ್ರಿ, ಮೂರೂ ಗಟ್ಟಿ ಅದಾವ," ಅಂದಳು. "ಅಂಥಾ ಚಲೋ ಕೈಯನ್ನ ಇಷ್ಟ ವರ್ಷ ಒಳಗ ಮುಚ್ಚಿಟ್ರಲ್ರಿ ಮಾಸ್ತರ."

ಬಸ್ಸು ಹೊರಟಿತು. ನಾನು ಅಲ್ಲಿಯೇ ಧೂಳಿನಲ್ಲಿ ನಿಂತು ಅತ್ತೆ, ನಕ್ಕೆ, ಎರಡೂ ಒಟ್ಟಿಗೆ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಚಹಾದಂಗಡಿಯಲ್ಲಿ ಹುಡುಗರು, "ಏನ್ರಿ ಕಣ್ಣಳತಿ ಮಾಸ್ತರ, ನಮ್ಮ ಪ್ಯಾಂಟ್ ಯಾರು ಕತ್ತರಸಾವ್ರು?" ಎಂದು ಚೇಷ್ಟೆ ಮಾಡುತ್ತಾರೆ. ಮಾಡಲಿ. ಅವರಿಗೆಲ್ಲ ನಾನು ಜವಾಬ್ದಾರಿಯ ಪಾಠ ಹೇಳಿದವನೇ.

ಇಬ್ಬರು ಹೆಣ್ಣುಮಕ್ಕಳು ನನ್ನ ಮಾನ ಕಾಯಲು ಸುಳ್ಳು ಹೇಳಿದಿರಿ. ನಿಮ್ಮಿಬ್ಬರ ದುಡಿಮೆಯ ಹೆಸರನ್ನು ಕಾಯಲು ನಾನು ಒಂದು ನಿಜವನ್ನೂ ಹೇಳಲಿಲ್ಲ. ಖೋಲಿ ಈಗ ಬಿಡಿಸಿಕೊಡುತ್ತೇನೆ ಎನ್ನಲು ನಾಚಿಕೆಯಾಗುತ್ತದೆ — ನೀನು ಕೇಳಿದ ದಿನ ಕೊಡದೆ, ನೀನು ಬೇರೆಡೆ ಬೇರೂರಿದ ಮೇಲೆ ಕೊಟ್ಟರೆ ಅದೇನು ಕೊಟ್ಟ ಹಾಗೆ? ಆ ಎರಡು ವರ್ಷ ನೀನು ಅಲ್ಲಿ ಹೇಗೆ ಕಳೆದೆ, ಏನು ಉಂಡೆ — ನಾನು ಕೇಳಿಯೂ ಇಲ್ಲ. ಕ್ಷಮಿಸು ಎಂದು ಬರೆಯಲು ಪೆನ್ನು ಏಳುತ್ತಿಲ್ಲ.

ಈ ಪತ್ರವನ್ನು ಇವತ್ತು ಸಂಜೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತೇನೆ; ನಾಳೆ ಬೆಳಗಿನ ಬಸ್ಸಿಗೆ ಅಕ್ಕ, ನಾನು ಬರುತ್ತಿದ್ದೇವೆ. ಕತ್ತರಿಯನ್ನು ಅವಳೇ ಅರಿವೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ನನ್ನ ಕೈಗೆ ಕೊಡಲಿಲ್ಲ. ನಿನ್ನ ಅಂಗಡಿಯಲ್ಲಿ ನಾಲ್ಕು ಮಂದಿ ಗಿರಾಕಿಗಳು ಇದ್ದಾಗಲೇ, ಅವರೆದುರಿಗೇ, ಆ ಮಧ್ಯಾಹ್ನದ ಮಾತನ್ನು ಇನ್ನೊಮ್ಮೆ ಕೇಳು, ತಾಯಿ. ನಿನಗ ಯಾರೂ ಆಸರಾ ಆಗಿಲ್ಲೇನು ಅಂತ ಕೇಳು. ಈ ಸಲ ಅಕ್ಕ ಬಾಯಿ ತೆರೆಯುವುದಕ್ಕಿಂತ ಮೊದಲು ನಾನು ಹೇಳುತ್ತೇನೆ.